ಹಳೇ ಲಾನ್ ಮೋವರ್ ಬದಲಿಗೆ ಯಾವುದು? ಮೊದಲು ಹುಲ್ಲು ನೋಡೋಣ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಹಳೇ ಮನೆ. ಮುಂದೆ ಸುಮಾರು 1 ಗುಂಟೆ ಲಾನ್ ಇದೆ. ಹಿಂದೆ ಮಾವಿನ ಮರದ ಸುತ್ತ ಇನ್ನೂ ಅರ್ಧ ಗುಂಟೆ. ಮುಂದಿನದು ಗರಿಕೆ, ಹಿಂದಿನದು ಅಗಲ ಎಲೆಯ ಹುಲ್ಲು. ಮಣ್ಣು ಎರೆ. ಇಷ್ಟು ವರ್ಷ ಕೈಯಲ್ಲಿ ತಳ್ಳುವ ಮಷಿನ್‌ನಲ್ಲೇ ಕತ್ತರಿಸುತ್ತಿದ್ದೆವು. ಮಿಲ್ಲು ಮುಚ್ಚಿದಾಗ ಅಲ್ಲಿನ ಬಂಗ್ಲೆಯ ಸಾಮಾನು ಹರಾಜಿಗೆ ಬಂದಿತ್ತು, ಆಗ ನಮ್ಮ ಮಾವನವರು ತಂದಿದ್ದು. ಈಗ ಅದು ಹುಲ್ಲು ಕತ್ತರಿಸುವ ಬದಲು ಮಲಗಿಸಿಕೊಂಡು ಹೋಗುತ್ತದೆ. ಯಜಮಾನರಿಗೆ ಮಂಡಿ ಆಪರೇಷನ್ ಆಗಿದೆ. ನನಗೆ 62 ವರ್ಷ. ಹದಿನೈದು ದಿನಕ್ಕೊಮ್ಮೆ ಒಬ್ಬರು ಕೆಲಸಕ್ಕೆ ಬರುತ್ತಾರೆ. ಅವರು ಬಾರದಿದ್ದರೆ ನಾನೇ ತಳ್ಳಬೇಕು. ಅಂಗಡಿಯವರು ಪೆಟ್ರೋಲ್ ಮಷಿನ್ ತಗೊಳ್ಳಿ ಅನ್ನುತ್ತಾರೆ. ಮಗ ಬ್ಯಾಟರಿಯದು ಅನ್ನುತ್ತಾನೆ. ಚನ್ನಗಿರಿ ಹತ್ತಿರ ತಮ್ಮನ ಅಡಿಕೆ ತೋಟದಲ್ಲಿ ಕಳೆ ಹೊಡೆಯುವ ಮಷಿನ್ ಇದೆ, ಅದೇ ಸಾಕು ಅಂತ ಅವನು. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತಿದ್ದು ಪೆಟ್ರೋಲ್ ಮೇಲೂ ಅಲ್ಲ, ಬ್ಯಾಟರಿ ಮೇಲೂ ಅಲ್ಲ. ‘ಹದಿನೈದು ದಿನಕ್ಕೊಮ್ಮೆ’ ಅಂದಿದ್ದೀರಲ್ಲ, ಅದರ ಮೇಲೆ. ಯಜಮಾನರ ಮಂಡಿ ಚೆನ್ನಾಗಿದ್ದಾಗ ಅವರು ವಾರಕ್ಕೊಮ್ಮೆಯಾದರೂ ತಳ್ಳುತ್ತಿದ್ದಿರಬೇಕು, ಅಲ್ವಾ? ಹಾಗಿದ್ದರೆ ನಿಮ್ಮ ಹಳೇ ಮಷಿನ್ ನೀವು ಅಂದುಕೊಂಡಷ್ಟು ಕೆಟ್ಟಿಲ್ಲ. ಅದರ ಮುಂದೆ ಬರುವ ಹುಲ್ಲು ಉದ್ದ ಆಗಿದೆ, ಅಷ್ಟೇ.

28 ವರ್ಷದಿಂದ ಈ ಊರಲ್ಲಿ ಇಂಥ ಮಷಿನ್‌ಗಳನ್ನು ಬಿಚ್ಚಿ ಜೋಡಿಸುತ್ತಾ ಬಂದಿದ್ದೇನೆ. ಮೋವರ್ ತಗೋಬೇಕು ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು ದುಡ್ಡಿನ ಲೆಕ್ಕ ಅಲ್ಲ. ಎಷ್ಟು ದಿನಕ್ಕೊಮ್ಮೆ ಕತ್ತರಿಸುತ್ತೀರಿ, ಯಾರು ತಳ್ಳುತ್ತಾರೆ, ಈ ಎರಡು ಪ್ರಶ್ನೆ. ಇವಕ್ಕೆ ನಿಜವಾದ ಉತ್ತರ ಸಿಕ್ಕರೆ ಮಷಿನ್ ಯಾವುದು ಅನ್ನುವುದು ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ. ‘ಇನ್ಮೇಲೆ ವಾರ ವಾರ ಕತ್ತರಿಸ್ತೀವಿ’ ಅಂತ ಮನಸ್ಸು ಮಾಡಿ ತಗೊಂಡ ಮಷಿನ್‌ಗಳು ಶೆಡ್ಡಿನಲ್ಲಿ ತುಕ್ಕು ಹಿಡಿಯುವುದನ್ನು ನಾನು ತುಂಬ ನೋಡಿದ್ದೇನೆ. ಈಗ ಹೇಗೆ ನಡೆಯುತ್ತಿದೆಯೋ ಹಾಗೇ ಲೆಕ್ಕ ಹಾಕಿ.

ನಿಮ್ಮ ಹಳೇದನ್ನೇ ತಗೊಳ್ಳಿ. ಅದಕ್ಕೆ ಸಿಲಿಂಡರ್ ಮಷಿನ್ ಅಂತೀವಿ, ರೀಲ್ ಅಂತಲೂ ಅಂತಾರೆ. ಸುರುಳಿಯಾಗಿ ತಿರುಚಿದ ಐದಾರು ಬ್ಲೇಡು ಮುಂದೆ ಉರುಳುತ್ತವೆ. ಕೆಳಗೆ ಒಂದು ಕದಲದ ಉಕ್ಕಿನ ಪಟ್ಟಿ ಇರುತ್ತದೆ. ಉರುಳುವ ಬ್ಲೇಡು ಹುಲ್ಲನ್ನು ಎಳೆದು ತಂದು ಆ ಪಟ್ಟಿಗೆ ಒತ್ತಿ ಕತ್ತರಿಸುತ್ತದೆ. ದರ್ಜಿಯವರ ಕತ್ತರಿಯೂ ಇದೇ ತರ ಕೆಲಸ ಮಾಡುವುದು. ಇದನ್ನು ಮೊದಲು ಮಾಡಿದವರು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. 1830ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅವರ ಊರು ಸ್ಟ್ರೌಡ್, ಉಣ್ಣೆ ಬಟ್ಟೆ ಮಿಲ್ಲುಗಳ ಜಾಗ. ನೇಯ್ದ ಬಟ್ಟೆಯ ಮೇಲೆ ಎದ್ದು ನಿಲ್ಲುವ ನವಿರನ್ನು ಸಮ ಮಾಡಿ ಸವರುವ ಯಂತ್ರ ಆ ಮಿಲ್ಲುಗಳಲ್ಲಿತ್ತು. ಅದನ್ನು ನೋಡಿಯೇ ಅವರಿಗೆ ಹುಲ್ಲಿನ ಯೋಚನೆ ಬಂದಿದ್ದು. ಬಟ್ಟೆ ಮಿಲ್ಲಿನಲ್ಲಿ ಹುಟ್ಟಿದ ಮಷಿನ್ ನಮ್ಮ ಹತ್ತಿ ಮಿಲ್ಲುಗಳ ಊರಲ್ಲಿ, ಅದೂ ಮಿಲ್ಲಿನ ಬಂಗ್ಲೆಯಿಂದಲೇ ನಿಮ್ಮ ಮನೆಗೆ ಬಂದಿದೆ. ಇದನ್ನು ಓದಿದಾಗ ನನಗೆ ತುಂಬ ಸಂತೋಷ ಆಯಿತು.

ಆದರೆ ಈ ಕತ್ತರಿಗೆ ಒಂದು ಮಿತಿ ಇದೆ. ಮನೆಗಳಲ್ಲಿ ಬಳಸುವ ಕೈ ಮಷಿನ್‌ನ ಸಿಲಿಂಡರು ಅಡ್ಡಕ್ಕೆ ಅಳೆದರೆ ಸುಮಾರು 15 ಸೆಂ.ಮೀ. ಇರುತ್ತದೆ. ಹುಲ್ಲು ಅದರ ಅರ್ಧಕ್ಕಿಂತ ಎತ್ತರ ಬೆಳೆದರೆ ಬ್ಲೇಡಿಗೆ ಅದನ್ನು ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ. ಮುಂದಕ್ಕೆ ದೂಡಿ ಮಲಗಿಸುತ್ತದೆ. ನಮ್ಮ ಕಡೆ ವರ್ಷಕ್ಕೆ ಮಳೆ 600 ಮಿ.ಮೀ. ಆಸುಪಾಸು, ಜಾಸ್ತಿ ಏನಲ್ಲ. ಆದರೆ ಬರುವ ಮಳೆ ಕೆಲವೇ ವಾರಗಳಲ್ಲಿ ಒಟ್ಟಿಗೆ ಬರುತ್ತದೆ. ಉತ್ತರೆ, ಹಸ್ತ ಮಳೆ ಬಿದ್ದು ಮೇಲೆ ನಾಲ್ಕು ದಿನ ಬಿಸಿಲು ಕಾದರೆ ಗರಿಕೆ ಸುಮ್ನೆ ಇರುತ್ತದಾ? ಹದಿನೈದು ದಿನ ಬಿಟ್ಟರೆ ಅರ್ಧ ಗೇಣು ಎದ್ದಿರುತ್ತದೆ. ಅದರ ಮೇಲೆ ಸಿಲಿಂಡರ್ ಮಷಿನ್ ತಳ್ಳಿದರೆ ನೀವು ಬರೆದ ಹಾಗೇ ಆಗುತ್ತದೆ.

ಇನ್ನೊಂದು ಬಗೆ ರೋಟರಿ. ಕೆಳಗೆ ಫ್ಯಾನಿನ ರೆಕ್ಕೆ ತರ ಒಂದೇ ಬ್ಲೇಡು ಅಡ್ಡಡ್ಡ ತಿರುಗುತ್ತದೆ. ಇದು ಕತ್ತರಿ ಅಲ್ಲ, ಕುಡುಗೋಲು. ವೇಗದಿಂದ ಬೀಸಿ ಹೊಡೆಯುತ್ತದೆ. ಹುಲ್ಲು ಸ್ವಲ್ಪ ಉದ್ದ ಆಗಿದ್ದರೂ, ನಡುವೆ ತುಂಗೆ ಗಡ್ಡೆ, ಮುಟ್ಟಿದರೆ ಮುನಿ ಎದ್ದಿದ್ದರೂ ಕತ್ತರಿಸಿಕೊಂಡು ಹೋಗುತ್ತದೆ. ನೆಲ ಅಷ್ಟು ಸಮ ಇಲ್ಲದಿದ್ದರೂ ನಡೆಯುತ್ತದೆ. ಹದಿನೈದು ದಿನಕ್ಕೊಮ್ಮೆ ಅನ್ನುವವರಿಗೆ ರೋಟರಿಯೇ ಸರಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಅದನ್ನು ತಿರುಗಿಸುವುದು ಯಾವುದು? ಪೆಟ್ರೋಲಾ, ಕರೆಂಟಾ, ಬ್ಯಾಟರಿಯಾ?

ಮೊದಲು ನಡಿಗೆಯ ಲೆಕ್ಕ ನೋಡೋಣ. ನಿಮ್ಮದು ಒಂದೂವರೆ ಗುಂಟೆ, ಅಂದರೆ ಸುಮಾರು 150 ಚದರ ಮೀಟರ್. 40 ಸೆಂ.ಮೀ. ಅಗಲದ ಮಷಿನ್ ತಗೊಂಡರೂ ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ಸ್ವಲ್ಪ ಬರಬೇಕು. ಇಲ್ಲದಿದ್ದರೆ ನಡುವೆ ಜುಟ್ಟು ಉಳಿಯುತ್ತದೆ. ಹಾಗಾಗಿ ಕೈಗೆ ಸಿಗುವುದು 30 ಸೆಂ.ಮೀ. ಅಂತಿಟ್ಟುಕೊಳ್ಳಿ. 150 ಚದರ ಮೀಟರಿಗೆ 500 ಮೀಟರ್ ನಡಿಗೆ ಆಯಿತು, ಅರ್ಧ ಕಿಲೋಮೀಟರ್. ನಿಧಾನವಾಗಿ ನಡೆದು, ತಿರುಗಿಸಿಕೊಂಡು, ಚೀಲ ಖಾಲಿ ಮಾಡಿಕೊಂಡು ಹೋದರೆ ಅರ್ಧ ಗಂಟೆ. ಇಷ್ಟು ಕೆಲಸಕ್ಕೆ ತಾನೇ ಮುಂದೆ ಹೋಗುವ ಮಷಿನ್ ಬೇಡ, 21 ಇಂಚಿನ ಅಗಲವೂ ಬೇಡ. ಅಗಲ ಜಾಸ್ತಿ ಆದಷ್ಟೂ ಭಾರ ಜಾಸ್ತಿ. ಭಾರ ಅಂದರೆ ನಿಮಗೆ, ನಿಮ್ಮ ಎರೆ ಮಣ್ಣಿಗೆ, ಇಬ್ಬರಿಗೂ ಕಷ್ಟ.

ಎರೆ ಮಣ್ಣಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಂಗಡಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಚಿತ್ರದುರ್ಗದ ಕಡೆ ಕೆಂಪು ಗರಸು ನೆಲ ಇರುವ ಮನೆಯವರು ಮಳೆ ನಿಂತ ಮಾರನೇ ದಿನವೇ ಮಷಿನ್ ಇಳಿಸಬಹುದು. ನೀರು ಇಂಗಿ ಹೋಗಿರುತ್ತದೆ. ಎರೆಯಲ್ಲಿ ಹಾಗಲ್ಲ. ಮೇಲೆ ಹುಲ್ಲು ಒಣಗಿದ ಹಾಗೆ ಕಾಣುತ್ತದೆ, ಕೆಳಗೆ ಮಣ್ಣು ಇನ್ನೂ ಹಿಟ್ಟಿನ ಮುದ್ದೆ. ಹಿಂದೊಮ್ಮೆ ಒಬ್ಬರು ಇಂಥದೇ ನೆಲಕ್ಕೆ ದೊಡ್ಡ ಪೆಟ್ರೋಲ್ ಮಷಿನ್ ತಗೊಂಡರು. ತಗೊಳ್ಳಿ ಅಂದವನು ನಾನೇ. ಮೊದಲ ಮಳೆಗಾಲದಲ್ಲೇ ಚಕ್ರಕ್ಕೆ ಮಣ್ಣು ಮೆತ್ತಿ, ಚಕ್ರ ಕುಳಿತು, ಲಾನ್ ತುಂಬ ಗಾಡಿ ಜಾಡು ಬಿದ್ದವು. ಬೇಸಿಗೆಗೆ ಆ ಜಾಡುಗಳೇ ಕಲ್ಲಿನ ಹಾಗೆ ಗಟ್ಟಿಯಾದವು, ನಡುವೆ ಬೆರಳು ಹೋಗುವಷ್ಟು ಬಿರುಕು. ಅದನ್ನು ಸರಿ ಮಾಡಲು ಎರಡು ವರ್ಷ ಮರಳು, ಗೊಬ್ಬರ ಹಾಕಬೇಕಾಯಿತು. ಆ ತಪ್ಪು ನಂದು. ಅಂದಿನಿಂದ ಎರೆ ನೆಲ ಅಂದರೆ ಮೊದಲು ತೂಕ ಕೇಳುತ್ತೇನೆ. ನೀವು ಕತ್ತರಿಸುವ ಮುಂಚೆ ಬರಿಗಾಲಲ್ಲಿ ಹಿಮ್ಮಡಿ ಊರಿ ನೋಡಿ. ಹಿಮ್ಮಡಿಗೆ ಮಣ್ಣು ಅಂಟಿಕೊಂಡು ಬಂದರೆ ಅವತ್ತು ಮಷಿನ್ ಬೇಡ.

ಪೆಟ್ರೋಲ್ ಮಷಿನ್ ಸಾಮಾನ್ಯವಾಗಿ 25ರಿಂದ 40 ಕಿಲೋ ತೂಗುತ್ತದೆ. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಹೊಸತರಲ್ಲಿ ಒಂದೇ ಎಳೆತಕ್ಕೆ ಬರುತ್ತದೆ. ಎರಡು ತಿಂಗಳು ನಿಲ್ಲಿಸಿ ಆಮೇಲೆ ಎಳೆದು ನೋಡಿ, ಭುಜ ಹೇಳುತ್ತದೆ. ಗಂಟೆಗೆ ಹತ್ತಿರ ಹತ್ತಿರ ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅರ್ಧ ಲೀಟರಿನಷ್ಟು ಇಂಜಿನ್ ಆಯಿಲ್ ಇರುತ್ತದೆ, ಅದನ್ನು ಮರೆಯದೆ ಬದಲಿಸಬೇಕು. ಏರ್ ಫಿಲ್ಟರ್, ಪ್ಲಗ್, ಇವೂ ಇವೆ.

ಇದಕ್ಕಿಂತ ದೊಡ್ಡ ತೊಂದರೆ ಈಗಿನ ಪೆಟ್ರೋಲಿನದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಅಂದರೆ ನೂರು ಲೀಟರಿನಲ್ಲಿ 20 ಲೀಟರ್ ಎಥನಾಲ್. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ. ದಿನಾ ಓಡುವ ಬೈಕಿನಲ್ಲಿ ಪೆಟ್ರೋಲ್ ನಿಂತಿರುವುದಿಲ್ಲ. ಮೋವರ್ ಹಾಗಲ್ಲ. ಫೆಬ್ರುವರಿಯಿಂದ ಜೂನ್‌ವರೆಗೆ ಮೂಲೆಯಲ್ಲಿ ನಿಂತಿರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಕಾರ್ಬುರೇಟರಿನ ತಳದಲ್ಲಿ ನೀರು, ಅಂಟು ಕೂರುತ್ತದೆ. ಸೂಜಿಯಷ್ಟು ಸಣ್ಣ ಜೆಟ್ಟು ಮುಚ್ಚಿಹೋಗುತ್ತದೆ. ಮುಂಗಾರು ಶುರುವಾಗುತ್ತಲೇ ನನ್ನ ಹತ್ತಿರ ಬರುವ ಪೆಟ್ರೋಲ್ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾಯಿಲೆ. ಇಂಥ ಸಣ್ಣ ಇಂಜಿನ್‌ಗಳಲ್ಲಿ ಎಷ್ಟೋ ಇಂಜಿನ್‌ಗಳ ಪುಸ್ತಕದಲ್ಲಿ ಎಥನಾಲ್ ನೂರಕ್ಕೆ 10 ಭಾಗ ಮೀರಬಾರದು ಅಂತ ಬರೆದಿರುತ್ತದೆ. ಯಾರಾದರೂ ಪೆಟ್ರೋಲಿನದೇ ತಗೋಬೇಕು ಅಂದರೆ ಆ ಪುಟ ಅಂಗಡಿಯಲ್ಲೇ ತೆಗೆಸಿ ಓದಿ. ಕೆಲಸ ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಾನೇ ನಿಲ್ಲುವ ತನಕ ಓಡಿಸಿ. ಕಾರ್ಬುರೇಟರ್ ಖಾಲಿ ಆಗುತ್ತದೆ.

ಹಾಗಂತ ಪೆಟ್ರೋಲ್ ಮಷಿನ್ ಕೆಟ್ಟದ್ದು ಅಂತಲ್ಲ. ಐದಾರು ಗುಂಟೆಗಿಂತ ದೊಡ್ಡ ಲಾನ್, ಕಲ್ಯಾಣ ಮಂಟಪ, ಕಾಲೇಜಿನ ಮೈದಾನದಂಚು, ಪ್ಲಗ್ ಪಾಯಿಂಟು ದೂರ ಇರುವ ಜಾಗ, ಇಲ್ಲೆಲ್ಲ ಅದೇ ಬೇಕು. ನಿಮ್ಮ ಮನೆಗೆ ಬೇಡ.

ಬ್ಯಾಟರಿಯದು ನಿಮ್ಮ ಮಗ ಹೇಳಿದ ಹಾಗೆ ಚೆನ್ನಾಗಿದೆ. ಸದ್ದು ಕಡಿಮೆ, ವೈರ್ ಇಲ್ಲ, ಬಟನ್ ಒತ್ತಿದರೆ ಆಯಿತು. ಆದರೆ ಬಾಕ್ಸಿನ ಮೇಲೆ ಬರೆದಿರುವ ಎರಡು ಸಂಖ್ಯೆ ಗುಣಿಸಿ ನೋಡಿ. 36 ವೋಲ್ಟ್, 4 ಆಂಪಿಯರ್ ಅವರ್ ಅಂದರೆ 144 ವ್ಯಾಟ್ ಅವರ್. ಸಣ್ಣ ಹುಲ್ಲಿನಲ್ಲಿ ಮೋಟಾರು 400 ವ್ಯಾಟ್ ಎಳೆದರೂ 20 ನಿಮಿಷಕ್ಕೆ ಮುಗಿಯಿತು. ಉದ್ದ ಹುಲ್ಲು, ಒದ್ದೆ ಹುಲ್ಲು ಆದರೆ ಇನ್ನೂ ಬೇಗ. ನಿಮಗೆ ಬೇಕಾದ್ದು ಅರ್ಧ ಗಂಟೆ. ಅಂದರೆ ಎರಡು ಬ್ಯಾಟರಿ ಬೇಕು, ಎರಡನೇ ಬ್ಯಾಟರಿಯ ರೇಟು ಕೇಳಿದರೆ ನೀವು ಹಿಂದೆ ಸರಿಯುತ್ತೀರಿ. ಇನ್ನೊಂದು, ಲಿಥಿಯಂ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ಇಟ್ಟರೆ ಅದರ ಆಯಸ್ಸು ಬೇಗ ಕರಗುತ್ತದೆ. ತಗೊಂಡವರು ಬ್ಯಾಟರಿ ತೆಗೆದು ಮನೆಯೊಳಗೆ ತಣ್ಣಗಿರುವ ಕಡೆ, ಅರ್ಧ ಚಾರ್ಜಿನಲ್ಲಿ ಇಡಬೇಕು. ನಾಲ್ಕೈದು ವರ್ಷ ಆದ ಮೇಲೆ ಅದೇ ಬ್ಯಾಟರಿ ಬೇಕು ಅಂದರೆ ಸಿಗುತ್ತದಾ ಅಂತಲೂ ಕೇಳಿಕೊಳ್ಳಬೇಕು. ಮುಂದಿನ ಕೆಲವು ವರ್ಷದಲ್ಲಿ ನಾನೇ ಇದನ್ನು ಎಲ್ಲರಿಗೂ ಹೇಳಬಹುದು. ಇವತ್ತು ನಿಮಗೆ ಹೇಳಲಾರೆ.

ತಮ್ಮನ ತೋಟದ ಮಷಿನ್ ಬಗ್ಗೆ ಒಂದೇ ಮಾತು. ಅಡಿಕೆ ಸಾಲಿನ ನಡುವೆ ಕಳೆ ಹೊಡೆಯಲು ಅದರಂಥದು ಇನ್ನೊಂದಿಲ್ಲ. ಆದರೆ ಲಾನ್ ಮೇಲೆ ಅದನ್ನು ಒಂದೇ ಎತ್ತರದಲ್ಲಿ ಹಿಡಿದು ನಡೆಯಲು ಯಾರ ಕೈಯಿಂದಲೂ ಆಗುವುದಿಲ್ಲ. ಒಂದು ಕಡೆ ಬುಡ ಬೋಳು, ಇನ್ನೊಂದು ಕಡೆ ಜುಟ್ಟು. ಗೋಡೆ ಅಂಚು, ಮರದ ಬುಡದ ಹುಲ್ಲಿಗೆ ವರ್ಷಕ್ಕೆ ಎರಡು ಸಲ ತರಿಸಿಕೊಳ್ಳಿ.

ಹಾಗಾಗಿ ನಾನು ನಿಮಗೆ ಹೇಳುವುದು ವೈರಿನ ಕರೆಂಟ್ ರೋಟರಿ. ಅಗಲ 32ರಿಂದ 38 ಸೆಂ.ಮೀ., ಮೋಟಾರು 1200ರಿಂದ 1600 ವ್ಯಾಟ್. ತೂಕ 7ರಿಂದ 14 ಕಿಲೋ ಒಳಗೆ ಸಿಗುತ್ತದೆ. ಒಂದು ಕೈಯಲ್ಲಿ ಎತ್ತಿ ಮೆಟ್ಟಿಲು ಹತ್ತಿಸುವ ಹಾಗಿರಲಿ. ಅರ್ಧ ಗಂಟೆ ಓಡಿದರೆ ಮುಕ್ಕಾಲು ಯೂನಿಟ್ ಕರೆಂಟು. ಆಯಿಲ್ ಇಲ್ಲ, ಪ್ಲಗ್ ಇಲ್ಲ, ಹಗ್ಗ ಎಳೆಯುವುದಿಲ್ಲ. ಆರು ತಿಂಗಳು ನಿಂತಿದ್ದರೂ ಸ್ವಿಚ್ ಹಾಕಿದರೆ ತಿರುಗುತ್ತದೆ. ಕರೆಂಟ್ ಹೋದರೆ ಏನು ಅಂತ ಕೇಳುತ್ತೀರಿ. ಬೆಸ್ಕಾಂನವರು ಒಂದು ಗಂಟೆ ತೆಗೆದರೆ ಕಾಯುವುದು ಅಷ್ಟೇ. ಲಾನ್ ಎಲ್ಲಿಗೂ ಓಡಿಹೋಗುವುದಿಲ್ಲ.

ವೋಲ್ಟೇಜ್ ಮಾತ್ರ ನೋಡಿಕೊಳ್ಳಿ. ಲೈಟು ಮಂಕಾಗಿ, ಫ್ಯಾನು ನಿಧಾನ ತಿರುಗುವ ಹೊತ್ತಿನಲ್ಲಿ ಓಡಿಸಬೇಡಿ, ಮೋಟಾರು ಬಿಸಿಯಾಗುತ್ತದೆ.

ಕರೆಂಟ್ ಮಷಿನ್ ಅಂದ ಮೇಲೆ ವೈರಿನ ವಿಷಯಕ್ಕೆ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ಅಪಾಯ ಇರುವುದು ಅಲ್ಲೇ. ಟಿವಿ, ಮಿಕ್ಸಿಗೆ ಬಳಸುವ ತೆಳ್ಳನೆಯ ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. 1400 ವ್ಯಾಟಿನ ಮೋಟಾರು 6 ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ, ಶುರುವಾಗುವಾಗ ಇನ್ನೂ ಹೆಚ್ಚು. ತೆಳ್ಳನೆ ವೈರು ಬಿಸಿಯಾಗುತ್ತದೆ. 30 ಮೀಟರ್ ತನಕ 1.5 ಚದರ ಮಿ.ಮೀ. ತಾಮ್ರದ ಮೂರು ಕೋರ್ ಕೇಬಲ್ ಸಾಕು. ಅದಕ್ಕಿಂತ ದೂರ ಇದ್ದರೆ 2.5 ತಗೊಳ್ಳಿ. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ, ಹಸಿರು ಬೇಡ, ಹುಲ್ಲಿನಲ್ಲಿ ಕಾಣುವುದಿಲ್ಲ. ನಡುವೆ ಟೇಪ್ ಸುತ್ತಿದ ಜಾಯಿಂಟ್ ಇರಬಾರದು. ಮತ್ತೆ, ಮಷಿನ್ ತರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ, ಆ ಪ್ಲಗ್ ಪಾಯಿಂಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹಳೇ ಮನೆ ಅಂದಿದ್ದೀರಿ, ಅರ್ಥಿಂಗ್ ಇದೆಯಾ ಅಂತಲೂ ನೋಡಿಸಿ. ವೈರು ಕತ್ತರಿಸಿ ಹೋದಾಗ, ನೀರು ತಾಗಿದಾಗ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುವುದು ಇದೇ ಆರ್‌ಸಿಸಿಬಿ ಡಬ್ಬಿ. ಮಷಿನ್‌ಗೆ ದುಡ್ಡು ಸಾಲದಿದ್ದರೆ ಒಂದು ತಿಂಗಳು ತಡವಾಗಿ ತಗೊಳ್ಳಿ. ಇದನ್ನು ಮಾತ್ರ ಬಿಡಬೇಡಿ.

ಕತ್ತರಿಸುವಾಗ ಪ್ಲಗ್ ಪಾಯಿಂಟಿನ ಹತ್ತಿರದಿಂದ ಶುರು ಮಾಡಿ, ಸಾಲು ಸಾಲಾಗಿ ದೂರ ಹೋಗಿ. ಕೇಬಲ್ ನಿಮ್ಮ ಭುಜದ ಮೇಲಿರಲಿ, ಯಾವಾಗಲೂ ಕತ್ತರಿಸಿ ಆದ ಕಡೆಗೇ ಬೀಳಲಿ. ಹೀಗೆ ಮಾಡಿದರೆ ಬ್ಲೇಡಿನ ಮುಂದೆ ವೈರು ಬರುವ ಮಾತೇ ಇಲ್ಲ. ನಾಲ್ಕು ಸಲ ಮಾಡಿದರೆ ಕೈಗೆ ರೂಢಿಯಾಗುತ್ತದೆ. ಕೆಲಸಕ್ಕೆ ಬರುವವರಿಗೂ ಮೊದಲ ದಿನ ನೀವೇ ನಿಂತು ತೋರಿಸಿ.

ಬ್ಲೇಡಿನ ವೇಗದ ಲೆಕ್ಕವನ್ನೂ ಒಮ್ಮೆ ಕೇಳಿ. 38 ಸೆಂ.ಮೀ. ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 60 ಮೀಟರ್ ಹೋಗುತ್ತದೆ. ಗಂಟೆಗೆ 200 ಕಿ.ಮೀ. ಮೀರಿತು. ಹಿಂದೊಮ್ಮೆ ಒಂದು ಮನೆಯಲ್ಲಿ ರಿಪೇರಿ ಮಾಡಿದ ಮಷಿನ್ ಓಡಿಸಿ ನೋಡುತ್ತಿದ್ದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಕಬ್ಬಿಣ ಕಟ್ಟುವ ಸಣ್ಣ ಕಂಬಿಯ ಒಂದು ತುಂಡು ಹುಲ್ಲಿನೊಳಗೆ ಬಿದ್ದಿತ್ತು, ನನಗೆ ಕಾಣಲಿಲ್ಲ. ‘ಟಿಣ್’ ಅಂತ ಸದ್ದು ಬಂತು. ಕಾಲಿಗೆ ಯಾರೋ ಹೊಡೆದ ಹಾಗಾಯಿತು. ಬಗ್ಗಿ ನೋಡಿದರೆ ಪ್ಯಾಂಟಿನಲ್ಲಿ ಕಡಲೆ ಗಾತ್ರದ ತೂತು, ಒಳಗೆ ಮೀನಖಂಡದಲ್ಲಿ ಕಂಬಿ ನಿಂತಿತ್ತು. ಐದು ಹೊಲಿಗೆ ಬಿತ್ತು. ಎರಡು ಹೆಜ್ಜೆ ಆಚೆ ಆ ಮನೆಯ ಮಗು ನಿಂತು ನೋಡುತ್ತಿತ್ತು. ಆ ಗಾಯ ಮಾಸಿದೆ, ಮಗು ನಿಂತಿದ್ದ ಜಾಗ ಮಾತ್ರ ಇವತ್ತಿಗೂ ಕಣ್ಣ ಮುಂದೆ ಇದೆ. ಅದಕ್ಕೇ ಹೇಳುತ್ತೇನೆ. ಮಷಿನ್ ಇಳಿಸುವ ಮುಂಚೆ ಲಾನ್ ಪೂರ್ತಿ ಒಮ್ಮೆ ನಡೆದು ಕಲ್ಲು, ಕಂಬಿ, ಮಾವಿನ ಒಣ ಕೊಂಬೆ ಆರಿಸಿ. ಮೊಮ್ಮಕ್ಕಳು ಮನೆಯೊಳಗಿರಲಿ. ಚಪ್ಪಲಿ ಬೇಡ, ಶೂ ಹಾಕಿ. ಮಷಿನ್ ಅನ್ನು ನಿಮ್ಮ ಕಡೆಗೆ ಎಳೆದುಕೊಳ್ಳಬೇಡಿ, ಮುಂದೆ ತಳ್ಳಿ. ಅಡಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, ಬ್ಲೇಡು ಪೂರ್ತಿ ನಿಂತಿದ್ದು ಕಣ್ಣಾರೆ ಕಂಡು ಆಮೇಲೆ ಮುಟ್ಟಿ.

ಅಂಗಡಿಗೆ ಹೋದಾಗ ಹ್ಯಾಂಡಲ್ ಹಿಡಿದು ನೋಡಿ. ಹಿಡಿಯ ಹತ್ತಿರದ ಸನ್ನೆ ಬಿಟ್ಟ ತಕ್ಷಣ ಮೋಟಾರು ನಿಲ್ಲಬೇಕು. ಅದಿಲ್ಲದ ಮಷಿನ್ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಎತ್ತರ ಬದಲಿಸುವುದು ಹೇಗೆ ಅಂತ ಕೇಳಿ. ಕೆಲವದರಲ್ಲಿ ಮಷಿನ್ ಮಗುಚಿ ನಾಲ್ಕೂ ಚಕ್ರ ಒಂದೊಂದಾಗಿ ಕಿತ್ತು ಹಾಕಬೇಕು. ಅಂಥದು ತಗೊಂಡವರು ಎತ್ತರ ಬದಲಿಸುವುದೇ ಇಲ್ಲ. ಒಂದೇ ಸನ್ನೆಯಲ್ಲಿ ಏರಿಳಿಯುವುದು ನಿಮಗೆ ಬೇಕು. ನಿಮ್ಮಲ್ಲಿ ಎರಡು ಬಗೆ ಹುಲ್ಲಿದೆ. ಬಿಸಿಲಿನ ಗರಿಕೆ 3ರಿಂದ 4 ಸೆಂ.ಮೀ. ಇದ್ದರೆ ಚೆಂದ. ಮಾವಿನ ನೆರಳಿನ ಅಗಲ ಎಲೆಯದನ್ನು 5ರಿಂದ 7 ಸೆಂ.ಮೀ. ಬಿಡಬೇಕು. ನೆರಳಲ್ಲಿ ಎಲೆಯೇ ಅದರ ಜೀವ, ಬೋಳಿಸಿದರೆ ಸಾಯುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಮಳೆಗಾಲದಲ್ಲಿ ತುಂಬ ಬೆಳೆದಿದ್ದರೆ ಮೊದಲು ಎತ್ತರಕ್ಕಿಟ್ಟು ಒಮ್ಮೆ, ನಾಲ್ಕು ದಿನ ಬಿಟ್ಟು ಇಳಿಸಿ ಇನ್ನೊಮ್ಮೆ. ಕತ್ತರಿಸಿದ್ದನ್ನು ಪಕ್ಕದ ಮನೆ ಹಸುವಿಗೆ ಕೊಡುವುದಾದರೆ ಆಗಲೇ ಕೊಡಿ, ರಾಶಿ ಹಾಕಿ ಬಿಸಿಯೇರಿದ್ದು ಕೊಡಬೇಡಿ.

ಕಂಪನಿ ಯಾವುದು ಅಂತ ಕೇಳಬಹುದು. ಬಾಷ್, ಸ್ಟಿಲ್, ಕಿಸಾನ್‌ಕ್ರಾಫ್ಟ್, ಫಾಲ್ಕನ್, ಶಾರ್ಪೆಕ್ಸ್, ಹೀಗೆ ಹಲವು ಇವೆ. ನಾನು ಹೆಸರಿಗಿಂತ ಒಂದು ಪ್ರಶ್ನೆಗೆ ಬೆಲೆ ಕೊಡುತ್ತೇನೆ. ಇದರ ಬ್ಲೇಡು, ಸ್ವಿಚ್ಚು ನಮ್ಮ ಊರಲ್ಲಿ ಸಿಗುತ್ತದಾ? ಸಿಗುತ್ತದೆ ಅಂದರೆ ಅದೇ ಬಿಲ್ಲಿನಲ್ಲಿ ಒಂದು ಬ್ಲೇಡು ಜಾಸ್ತಿ ತಗೊಳ್ಳಿ. ‘ತರಿಸಿ ಕೊಡ್ತೀವಿ’ ಅಂದರೆ ಮುಂದಿನ ಅಂಗಡಿಗೆ ಹೋಗಿ.

ಬ್ಲೇಡು ಮೊಂಡಾಗಿದ್ದು ಮಷಿನ್ ನೋಡಿದರೆ ಗೊತ್ತಾಗುವುದಿಲ್ಲ, ಹುಲ್ಲು ನೋಡಿದರೆ ಗೊತ್ತಾಗುತ್ತದೆ. ಕತ್ತರಿಸಿದ ಎರಡು ದಿನಕ್ಕೆ ಲಾನ್ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ಎಲೆಯ ತುದಿ ಹಿಡಿದು ನೋಡಿ. ಹರಿತ ಬ್ಲೇಡಿನ ಕೆಲಸ ಆಗಿದ್ದರೆ ತುದಿ ಒಂದೇ ಗೆರೆಯಲ್ಲಿ ಕಡಿದಿರುತ್ತದೆ. ಮೊಂಡು ಬ್ಲೇಡು ಆಗಿದ್ದರೆ ತುದಿ ಸೀಳಿ, ಬಿಳೀ ನಾರು ಎದ್ದು, ಮೇಲೆ ಕಂದು ಬಣ್ಣ ಹತ್ತಿರುತ್ತದೆ. ದೂರದಿಂದ ಲಾನ್ ಒಣಗಿದ ಹಾಗೆ ಕಾಣುವುದು ಇದರಿಂದಲೇ. ನೀರು ಸಾಲದು ಅಂತ ಜನ ಇನ್ನೂ ನೀರು ಬಿಡುತ್ತಾರೆ. ವರ್ಷಕ್ಕೆ ಎರಡು ಸಲ ಸಾಣೆ ಹಿಡಿಸಿದರೆ ಸಾಕು. ಹಿಡಿಸಿದ ಮೇಲೆ ಬ್ಲೇಡಿನ ನಡುವಿನ ತೂತಿಗೆ ಒಂದು ಮೊಳೆ ಸಿಕ್ಕಿಸಿ ತೂಗುಹಾಕಿ. ಒಂದು ಕಡೆ ವಾಲಿದರೆ ಆ ಕಡೆ ಭಾರ ಜಾಸ್ತಿ ಇದೆ, ಅರದಲ್ಲಿ ಸ್ವಲ್ಪ ತಿಕ್ಕಿ ಸಮ ಮಾಡಬೇಕು. ಇಲ್ಲದಿದ್ದರೆ ಮಷಿನ್ ನಡುಗಿ ಬೇರಿಂಗು ಹೋಗುತ್ತದೆ.

ಕೊನೆಗೆ ಮಾವನವರ ಮಷಿನ್. ಅದನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದು ಪರೀಕ್ಷೆ ಮಾಡಿ. ಮಷಿನ್ ಮಗುಚಿ ಇಟ್ಟು, ದಿನಪತ್ರಿಕೆಯ ಒಂದು ಪಟ್ಟಿಯನ್ನು ಸಿಲಿಂಡರಿನ ಬ್ಲೇಡು ಮತ್ತು ಕೆಳಗಿನ ಪಟ್ಟಿಯ ನಡುವೆ ಇಡಿ. ಬ್ಲೇಡಿನ ಹಿಂಬದಿಗೆ ಒಂದು ಕಡ್ಡಿ ಒತ್ತಿ ನಿಧಾನ ತಿರುಗಿಸಿ, ಬೆರಳು ಹಾಕಬೇಡಿ. ಎಡತುದಿ, ನಡು, ಬಲತುದಿ, ಮೂರು ಕಡೆಯೂ ಕಾಗದ ಚಕ್ ಅಂತ ಕತ್ತರಿಸಬೇಕು. ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಮಡಚಿದರೆ ಉಕ್ಕಿನ ಪಟ್ಟಿ ವಾರೆಯಾಗಿದೆ, ಎರಡೂ ಬದಿಯ ಸ್ಕ್ರೂ ತಿರುಗಿಸಿ ಹತ್ತಿರ ತಂದರೆ ಸರಿಹೋಗುತ್ತದೆ. ಎಲ್ಲ ಕಡೆ ಮಡಚಿದರೆ ಮೊಂಡಾಗಿದೆ. ಆಗ ಗ್ಯಾರೇಜಿನವರು ವಾಲ್ವ್ ಉಜ್ಜಲು ಬಳಸುವ ಗ್ರೈಂಡಿಂಗ್ ಪೇಸ್ಟನ್ನು ಬ್ಲೇಡುಗಳಿಗೆ ಹಚ್ಚಿ, ಸಿಲಿಂಡರನ್ನು ಉಲ್ಟಾ ದಿಕ್ಕಿಗೆ ತಿರುಗಿಸಬೇಕು. ಒಂದನ್ನೊಂದು ಉಜ್ಜಿಕೊಂಡು ಹರಿತ ಬರುತ್ತದೆ. ಚಕ್ರ ತಳ್ಳುವಾಗ ಸಿಲಿಂಡರು ಆಗಾಗ ನಿಂತು ಜಾರಿದರೆ ಚಕ್ರದೊಳಗಿನ ಸಣ್ಣ ನಾಲಿಗೆ ಸವೆದಿದೆ. ಅದು ಬೆರಳ ಗೆಣ್ಣಿನಷ್ಟು ಕಬ್ಬಿಣದ ತುಂಡು. ನಮ್ಮ ಊರಿನ ಲೇತ್‌ನವರು ಮಾಡಿಕೊಡುತ್ತಾರೆ.

ನವೆಂಬರಿನಿಂದ ಮೇ ತನಕ ಗರಿಕೆ ನಿಧಾನ ಬೆಳೆಯುತ್ತದೆ. ಆಗ ಮುಂದಿನ ಒಂದು ಗುಂಟೆಗೆ ಈ ಹಳೇದನ್ನೇ ಬಳಸಿ. ಅದು ಕತ್ತರಿಸಿದ ಗರಿಕೆಯ ಅಂದ ಯಾವ ರೋಟರಿಗೂ ಬರುವುದಿಲ್ಲ. ಕೆಳಗಿನ ಪಟ್ಟಿ ಪೂರ್ತಿ ಸವೆದಿದ್ದರೆ ಹೊಸದು ಮಾಡಿಸಲು ಹಳೇದು ಅಳತೆಗೆ ಬೇಕು. ಅದರ ಸ್ಕ್ರೂಗಳು ತುಕ್ಕು ಹಿಡಿದು ಕೂತಿರುತ್ತವೆ, ಒಣಗಿದ್ದಾಗ ತಿರುಗಿಸಿದರೆ ತಲೆ ಕಿತ್ತುಬರುತ್ತದೆ. ಹಿಂದಿನ ರಾತ್ರಿ ಡೀಸೆಲ್ ಬಿಟ್ಟು ನೆನೆಯಲು ಇಡಿ, ಬೆಳಿಗ್ಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಆಮೇಲೆ ಬಿಚ್ಚಿಸಿ. ಬಿಚ್ಚಿದ ಸ್ಕ್ರೂಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಪಟ್ಟಿಯ ಜೊತೆಗೇ ಲೇತ್‌ಗೆ ಕಳಿಸಿ. ಆ ಕಾಲದ ಸ್ಕ್ರೂ ಅಳತೆ ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ.